ಪ್ರಾಕ್ಟಿಕಲ್‌ಗೆ ಅಳುತ್ತಿದ್ದವಳು

ಅಳುವುದರಲ್ಲಿ ಅಕ್ಕನದು ಎತ್ತಿದ ಕೈ. ಇದನ್ನು ಗೇಲಿಗೆ ಹೇಳುತ್ತಿಲ್ಲ. ನಮ್ಮ ವಿಶ್ವವಿದ್ಯಾಲಯದ ಸಾರ್ವಜನಿಕ ಸಂಪರ್ಕ ವಿಭಾಗದಲ್ಲಿ ಅವಳು ಅಟೆಂಡರ್. ಬೆಳಿಗ್ಗೆ ಬಾಗಿಲು ತೆಗೆಯುವುದು, ಬೋರ್ಡು ಒರೆಸುವುದು, ಮೇಷ್ಟ್ರಿಗೆ ಚಹಾ ತರುವುದು, ಹಾಜರಿ ಪುಸ್ತಕವನ್ನು ಆ ಕೋಣೆಯಿಂದ ಈ ಕೋಣೆಗೆ ಹೊರುವುದು ಅವಳ ಕೆಲಸ. ಇದರ ಜೊತೆಗೆ ವರ್ಷಕ್ಕೊಮ್ಮೆ, ಮೂರನೇ ಸೆಮಿಸ್ಟರಿನ ಪ್ರಾಕ್ಟಿಕಲ್ ದಿನ, ಇಡೀ ತರಗತಿಯ ಎದುರು ಕುರ್ಚಿಯಲ್ಲಿ ಕೂತು ಅಳುವ ಕೆಲಸವೂ ಅವಳದೇ ಆಗಿತ್ತು. ಅದು ಯಾವ ನೇಮಕಾತಿ ಆದೇಶದಲ್ಲೂ ಇರಲಿಲ್ಲ. ವಿದ್ಯಾರ್ಥಿಗಳು ಅವಳಿಗೆ ‘ಅಳೋ ಅಕ್ಕ’ ಎಂದು ಹೆಸರಿಟ್ಟಿದ್ದರು, ಅವಳೂ ಆ ಹೆಸರಿಗೆ ತಿರುಗಿ ನೋಡುತ್ತಿದ್ದಳು.

ನಾನು ಅದೇ ವಿಭಾಗದ ಗುಮಾಸ್ತೆ. ಅವಳಿಗಿಂತ ಚಿಕ್ಕವಳು, ಅವಳಿಗಿಂತ ಬಾಯಿ ಜೋರು. ಸಾರ್ವಜನಿಕ ಸಂಪರ್ಕ ಎಂಬ ಓದು ನಮ್ಮಲ್ಲಿಗೆ ಹೊಸದಾಗಿ ಬಂದಾಗ ಉಳಿದ ವಿಭಾಗದವರೆಲ್ಲ ಮೂಗು ಮುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. “ಸುಳ್ಳು ಹೇಳೋಕೂ ಎಂ.ಎ. ಬೇಕೇನ್ರೀ?” ಎಂದು ಇತಿಹಾಸದವರು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ ನಗುತ್ತಿದ್ದರು. ನಮ್ಮ ಮೇಷ್ಟ್ರು, ಅಂದರೆ ವಿಭಾಗ ಕಟ್ಟಿದವರು, ಜಗಳಕ್ಕೇ ನಿಲ್ಲುತ್ತಿದ್ದರು. “ಇದು ಕೇಳಿಸಿಕೊಳ್ಳೋ ವಿದ್ಯೆ ಸ್ವಾಮಿ. ಜನ ಏನಂತಾರೆ ಅಂತ ಮೊದಲು ಕಿವಿಗೊಡಬೇಕು, ಆಮೇಲೆ ಬಾಯಿ ಬಿಡಬೇಕು.” ಅವರು ಹಾಗೆಂದು ನಿಜವಾಗಿಯೂ ನಂಬಿದ್ದರು, ಪಾಪ. ಸಂವಹನದ ಸಿದ್ಧಾಂತ, ಜನಾಭಿಪ್ರಾಯದ ಸಮೀಕ್ಷೆ, ಸಂಶೋಧನಾ ವಿಧಾನ, ಪ್ರಚಾರದ ಯೋಜನೆ, ವೃತ್ತಿ ನೀತಿ ಎಂದು ಅವರು ಹಗಲೂ ಇರುಳೂ ಕೂತು ಸಿಲಬಸ್ ಬರೆದರು. ಟೈಪ್ ಮಾಡಿದವಳು ನಾನು. ನೀತಿಯ ಪತ್ರಿಕೆ ಮೊದಲು ಕಡ್ಡಾಯವಾಗಿತ್ತು. ಕೆಲಸ ಕೊಡುವ ಕಂಪನಿಗಳು ಅದನ್ನು ಕೇಳುವುದಿಲ್ಲ ಎಂದು ಒಂದು ವರ್ಷ ಐಚ್ಛಿಕವಾಯಿತು. ಐಚ್ಛಿಕವಾದ ಮೇಲೆ ಯಾರೂ ಆ ಕಡೆ ತಲೆ ಹಾಕಲಿಲ್ಲ. ಕೊನೆಗೆ ವೇಳಾಪಟ್ಟಿಯಿಂದಲೇ ಹೋಯಿತು, ಯಾರೂ ಅದನ್ನು ಕೇಳಿಕೊಂಡು ನನ್ನ ಮೇಜಿನ ಹತ್ತಿರ ಬರಲಿಲ್ಲ.

ಕುರ್ಚಿಯ ಉಪಾಯವೂ ಮೇಷ್ಟ್ರದೇ. ಇಲ್ಲಿಗೆ ಬರುವ ಮುಂಚೆ ಅವರು ಒಂದು ಬಸ್ ಕಂಪನಿಯ ಮಾಹಿತಿ ಅಧಿಕಾರಿಯಾಗಿದ್ದರು. ಅಪಘಾತವಾದಾಗ ಫೋನೆತ್ತುವ ಕೆಲಸ. ನಮ್ಮನೆಯವರು ಆ ಬಸ್ಸಲ್ಲಿದ್ರಾ ಎಂದು ಆ ಕಡೆಯಿಂದ ಅಳುತ್ತ ಕೇಳಿದರೆ, ಮಾಹಿತಿ ಬರ್ತಾ ಇದೆ ಎಂದು ಈ ಕಡೆಯಿಂದ ಹೇಳಬೇಕು. ಮುಖ ಕಾಣದೆ ಇದ್ದುದರಿಂದ ಏನು ಬೇಕಾದರೂ ಹೇಳಲು ಬರುತ್ತಿತ್ತು ಎನ್ನುತ್ತಿದ್ದರು. ತಮ್ಮ ವಿದ್ಯಾರ್ಥಿಗಳು ಹಾಗಾಗಬಾರದು ಎಂದು ಪ್ರಾಕ್ಟಿಕಲ್‌ಗೆ ಒಂದು ಪದ್ಧತಿ ಮಾಡಿದರು. ಅಂದು ಬೆಳಿಗ್ಗೆ ತರಗತಿಗೆ ಒಂದು ಕಟ್ಟುಕತೆಯ ಅಪಘಾತ ಕೊಡುವುದು. ಒಂದು ಗಂಟೆಯೊಳಗೆ ಸಂಸ್ಥೆಯ ಪರವಾಗಿ ಹೇಳಿಕೆ ಸಿದ್ಧವಾಗಬೇಕು. ಒಬ್ಬ ವಕ್ತಾರ, ಉಳಿದವರು ಪತ್ರಕರ್ತರು. ಎದುರಿನ ಕುರ್ಚಿಯಲ್ಲಿ ಸತ್ತವನ ತಾಯಿ. ವಕ್ತಾರನಾದವನು ಆ ತಾಯಿಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿಕೆ ಓದಬೇಕು. “ಆ ಕುರ್ಚಿಗೆ ಹೇಳೋಕೆ ಆಗದ ಮಾತನ್ನ ಪೇಪರಿಗೂ ಹೇಳ್ಬೇಡಿ” ಎಂಬುದು ಅವರ ಪಾಠ.

ತಾಯಿಯಾಗಿ ಕೂರಲು ಬಿಡುವಾಗಿ ಸಿಕ್ಕವಳು ಅಕ್ಕ. ಮೊದಲ ವರ್ಷ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದು ನಕ್ಕುಬಿಟ್ಟಳು. ತರಗತಿಯೂ ನಕ್ಕಿತು. ಮೇಷ್ಟ್ರು ಅವಳನ್ನು ಪಕ್ಕಕ್ಕೆ ಕರೆದು, “ನಿಮ್ಮ ಮನೇಲಿ ಆಗಿದ್ದು ಏನಾದ್ರೂ ನೆನೆಸ್ಕೊಳ್ಳಿ” ಎಂದರು. ಅವಳಿಗೆ ಆಗಷ್ಟೇ ಗಂಡ ತೀರಿಕೊಂಡು ವರ್ಷ ತುಂಬಿತ್ತು. ನೆನೆಸಿಕೊಂಡಳು, ಬಂತು. ಎಡಕ್ಕೆ ಬಾಗಿ, ಮುಷ್ಟಿಯನ್ನು ಬಾಯಿಗೊತ್ತಿಕೊಂಡು, ಉಸಿರು ಸಿಕ್ಕಿಹಾಕಿಕೊಂಡವಳ ಹಾಗೆ ಅತ್ತಳು. ವಕ್ತಾರನಾಗಿದ್ದವನು ಹೇಳಿಕೆ ಮರೆತು ನೀರು ತಂದುಕೊಟ್ಟ, ಫೇಲಾದ. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ವರ್ಷದಿಂದ ಅವಳಿಗೆ ನೆನೆಸಿಕೊಳ್ಳುವ ಅಗತ್ಯವೂ ಬೀಳಲಿಲ್ಲ, ಕುರ್ಚಿಯಲ್ಲಿ ಕೂತರೆ ಸಾಕಿತ್ತು.

ಅವಳಿಗೊಬ್ಬನೇ ಮಗ. ವಿದ್ಯಾರ್ಥಿ ನಿಲಯದ ಬಾಯ್ಲರ್ ಆಪರೇಟರ್. ಮೇಷ್ಟ್ರೇ ಒಂದು ಮಾತು ಹೇಳಿ ಕೊಡಿಸಿದ ಕೆಲಸ. ಪಾಳಿ ಮುಗಿಸಿ ಸಂಜೆ ತಾಯಿಯನ್ನು ಕರೆದೊಯ್ಯಲು ಬಂದರೆ ನನ್ನ ಮೇಜಿಗೊರಗಿ ನಿಂತು ಅವಳನ್ನು ರೇಗಿಸುತ್ತಿದ್ದ.

“ಈ ವರ್ಷ ಯಾವುದರಲ್ಲಿ ಸತ್ತೆ ನಾನು? ಬಸ್ಸಲ್ಲಾ, ಬೆಂಕೀಲಾ?”

“ಬಿಡ್ತು ಅನ್ನು. ಕಟ್ಟಡ ಬಿತ್ತು” ಎನ್ನುತ್ತಿದ್ದಳು ಅವಳು.

“ಅಯ್ಯೋ, ಅದು ತುಂಬಾ ನೋವಾಗತ್ತಲ್ಲಮ್ಮಾ” ಎಂದು ಅವನು ಬೆನ್ನು ಹಿಡಿದುಕೊಂಡು ಕುಂಟುತ್ತ ಹೊರಟರೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಒಂದು ವರ್ಷ ಮೇಷ್ಟ್ರು ಬಾಯ್ಲರ್ ಅಪಘಾತವನ್ನೇ ಕೊಟ್ಟರು. ನಿಲಯದ ಬಾಯ್ಲರಿನ ವಾಲ್ವ್ ಬುಸುಗುಡುತ್ತದೆ, ಹೇಳಿದರೂ ಯಾರೂ ಬದಲಾಯಿಸಿಲ್ಲ ಎಂದು ಮಗ ಹೇಳಿದ್ದನ್ನು ಅಕ್ಕ ಚಹಾ ಕೊಡುತ್ತ ಅವರ ಕಿವಿಗೆ ಹಾಕಿದ್ದಳು. ಮೇಷ್ಟ್ರು ನಿಲಯದ ಕಚೇರಿಗೆ ಫೋನು ಮಾಡಿ ಹೇಳಿದರು, ಅಲ್ಲಿಯವರು ನೋಡ್ತೀವಿ ಎಂದರು, ಅಲ್ಲಿಗೆ ಮುಗಿಯಿತು. ಆದರೆ ಅವರ ತಲೆಯಲ್ಲಿ ಅದು ಪಾಠವಾಗಿ ಉಳಿಯಿತು. ಬೋರ್ಡಿನ ಮೇಲೆ ಎರಡು ಹೇಳಿಕೆ ಬರೆದರು. ಹೇಗೆ ಬರೆಯಬಾರದು ಎಂದು ತೋರಿಸಲು ಒಂದು: “ಪ್ರಾಥಮಿಕ ಮಾಹಿತಿಯಂತೆ ಘಟನೆಯ ವೇಳೆ ಆಪರೇಟರ್ ತನ್ನ ಕರ್ತವ್ಯದ ಸ್ಥಳದಲ್ಲಿ ಇರಲಿಲ್ಲ.” ಸತ್ತವನ ತಲೆಗೆ ಕಟ್ಟುವುದು ಎಷ್ಟು ಸಲೀಸು ಎಂದು ವಿದ್ಯಾರ್ಥಿಗಳಿಗೆ ಗೊತ್ತಾಗಲಿ ಎಂಬುದು ಅವರ ಉದ್ದೇಶ. ಹೇಗೆ ಬರೆಯಬೇಕು ಎಂದು ಇನ್ನೊಂದು. ಅದು ಉದ್ದವಾಗಿತ್ತು, ನನಗೂ ನೆನಪಿಲ್ಲ.

ಆ ಬ್ಯಾಚಿನಲ್ಲಿ ಒಬ್ಬನಿದ್ದ, ಎಲ್ಲರೂ ‘ಮೈಕು’ ಎನ್ನುತ್ತಿದ್ದರು. ಗಂಟಲು ಅಂಥದ್ದು. ಅವನು ಕುರ್ಚಿಯೆದುರು ನಿಂತು, ಅಕ್ಕ ಬಿಕ್ಕಿ ಬಿಕ್ಕಿ ಅಳುತ್ತಿದ್ದರೂ ರೆಪ್ಪೆ ಬಡಿಯದೆ, ಮೊದಲನೇ ಹೇಳಿಕೆಯನ್ನೇ ಓದಿದ. ಆ ಕುರ್ಚಿಗೂ ಅದನ್ನು ಹೇಳಬಹುದು ಎಂದು ತೋರಿಸುವ ಹಟ ಅವನಿಗೆ. ಮೇಷ್ಟ್ರಿಗೆ ಇರಿಸುಮುರಿಸಾಯಿತು. ಆದರೆ ಅಂಕ ಕೊಡುವ ನಾಲ್ಕು ಕಲಂಗಳಲ್ಲಿ ವೇಗ, ಸ್ಪಷ್ಟತೆ, ಸ್ತಿಮಿತ, ಹೇಳಿದ ಮಾತು ಬದಲಿಸದ ಒಂದೇ ದನಿ ಎಂದಷ್ಟೇ ಇತ್ತು. ಕಟ್ಟುಕತೆಯ ಅಪಘಾತದಲ್ಲಿ ನಿಜ ಎಂಬುದೇ ಇಲ್ಲದಿರುವಾಗ ಅದಕ್ಕೆ ಕಲಂ ಎಲ್ಲಿಂದ ಬರಬೇಕು? ಮೈಕು ನಾಲ್ಕರಲ್ಲೂ ಪೂರ್ತಿ ಅಂಕ ತೆಗೆದುಕೊಂಡ. ಓದು ಮುಗಿದ ಮೇಲೆ ನಮ್ಮ ವಿಶ್ವವಿದ್ಯಾಲಯಕ್ಕೇ ಸಾರ್ವಜನಿಕ ಸಂಪರ್ಕಾಧಿಕಾರಿಯಾದ. ಮೇಷ್ಟ್ರು ಸಂಭ್ರಮದಿಂದ ಎಲ್ಲರಿಗೂ ಚಹಾ ಕೊಡಿಸಿದರು, ತಂದವಳು ಅಕ್ಕ.

ಆಮೇಲಿನದನ್ನು ಹೇಳಲು ನನಗೆ ಇಷ್ಟವಿಲ್ಲ, ಆದರೂ ಹೇಳುತ್ತೇನೆ.

ಒಂದು ಸೋಮವಾರ ಬೆಳಿಗ್ಗೆ ನಿಲಯದ ಬಾಯ್ಲರ್ ಸಿಡಿಯಿತು. ನಮ್ಮ ಕಿಟಕಿಗಳ ಗಾಜು ಗಡಗಡ ಅಂದವು. ಅಕ್ಕ ಬೋರ್ಡು ಒರೆಸುತ್ತಿದ್ದವಳು ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಓಡಿದಳು. ನಾನು ಹಿಂದೆಯೇ ಹೋದೆ. ಬಾಯ್ಲರ್ ಕೋಣೆಯ ಹಿಂಗೋಡೆ ಉರುಳಿತ್ತು. ಅವಳ ಮಗ ಸಿಕ್ಕಿದ್ದು ಆ ಗೋಡೆಯ ಹೊರಗೆ, ಇಟ್ಟಿಗೆಯ ಕೆಳಗೆ, ಉಸಿರಿಲ್ಲದೆ. ಅಲ್ಲೇ ನಡುಗುತ್ತ ನಿಂತಿದ್ದ ವಿದ್ಯಾರ್ಥಿಗಳು ನನ್ನ ಮುಂದೆಯೇ ಹೇಳಿದರು: ಬಿಸಿನೀರಿಗೆ ಬಕೆಟ್ ಹಿಡಿದುಕೊಂಡು ಆ ಗೋಡೆಗೊರಗಿ ಸಾಲು ನಿಂತಿದ್ದರಂತೆ. ಇವನು ಒಳಗಿಂದ ಕೂಗುತ್ತ ಓಡಿಬಂದು, ಒಬ್ಬೊಬ್ಬರನ್ನೂ ರಟ್ಟೆ ಹಿಡಿದು ಎಳೆದು ಆಚೆ ತಳ್ಳಿದನಂತೆ. ಕೊನೆಯವನನ್ನು ತಳ್ಳಿ ತಿರುಗುವಷ್ಟರಲ್ಲಿ ಗೋಡೆ ಅವನ ಮೇಲೆ ಬಂತು. ಆ ವಿದ್ಯಾರ್ಥಿಗಳಲ್ಲಿ ಯಾರಿಗೂ ತರಚಿದ ಗಾಯಕ್ಕಿಂತ ಹೆಚ್ಚೇನೂ ಆಗಿರಲಿಲ್ಲ.

ಅವನನ್ನು ಆಸ್ಪತ್ರೆಯ ಗಾಡಿಗೆ ಎತ್ತಿಹಾಕಿ, ಅಕ್ಕನನ್ನು ಅದರಲ್ಲೇ ಕೂರಿಸಿ, ನಾನು ವಿಭಾಗಕ್ಕೆ ಹಿಂದಿರುಗಿದಾಗ ವಿಶ್ವವಿದ್ಯಾಲಯದ ಹೇಳಿಕೆ ಬಂದಾಗಿತ್ತು. ಮೇಷ್ಟ್ರು ನನ್ನ ಕಂಪ್ಯೂಟರಿನೆದುರು ನಿಂತು ಓದುತ್ತಿದ್ದರು. ನಾನೂ ಓದಿದೆ. ಪ್ರಾಥಮಿಕ ಮಾಹಿತಿಯಂತೆ ಘಟನೆಯ ವೇಳೆ ಆಪರೇಟರ್ ತನ್ನ ಕರ್ತವ್ಯದ ಸ್ಥಳದಲ್ಲಿ ಇರಲಿಲ್ಲ. ಒಂದಕ್ಷರವೂ ಆಚೀಚೆ ಆಗಿರಲಿಲ್ಲ. ಮೇಷ್ಟ್ರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತರು.

“ಇದು ನಂದು” ಎಂದರು. “ಇದು ನಾನು ಬೋರ್ಡಿನ ಮೇಲೆ ಬರೆದಿದ್ದು.”

ಇಬ್ಬರೂ ಮೈಕುವಿನ ಕಚೇರಿಗೆ ಹೋದೆವು. ಮೇಜಿನ ಮೇಲಿನ ಫೋನು, ಕೈಯಲ್ಲಿದ್ದ ಫೋನು, ಎರಡೂ ಬಡಿದುಕೊಳ್ಳುತ್ತಿದ್ದವು. ನಮ್ಮನ್ನು ಕಂಡವನೇ ಎದ್ದು ನಿಂತ. ಗುರುಗಳು ಬಂದರೆ ಕೂತಿರುವ ಜಾಯಮಾನ ಅವನದಲ್ಲ.

“ಯಾರು ಹೇಳಿದ್ರಯ್ಯಾ ನಿಂಗೆ, ಅವನು ಅಲ್ಲಿರಲಿಲ್ಲ ಅಂತ?” ಮೇಷ್ಟ್ರು ಬಾಗಿಲಿಂದಲೇ ಕೇಳಿದರು.

“ಬಾಡಿ ಹೊರಗಡೆ ಸಿಕ್ತಲ್ಲ ಸಾರ್.”

“ಅದು ಆಮೇಲೆ ಗೊತ್ತಾಗಿದ್ದು. ನೀನು ಬರೆದಾಗ ಏನು ಗೊತ್ತಿತ್ತು?”

ಮೈಕು ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟ. ಅವನ ಮುಖದಲ್ಲಿ ಕಪಟ ಕಾಣಲಿಲ್ಲ, ಸುಸ್ತು ಕಾಣುತ್ತಿತ್ತು. “ಮೊದಲ ಗಂಟೆ ಕಳ್ಕೊಂಡ್ರೆ ಎಲ್ಲಾ ಕಳ್ಕೊಂಡ ಹಾಗೆ ಅಂತ ನೀವೇ ಹೇಳ್ಕೊಟ್ಟಿದ್ದು ಸಾರ್. ಮೇಲಿಂದ ಕುಲಸಚಿವರ ಫೋನು, ಹೊರಗಡೆ ಪೇಪರಿನವರು. ಬರೆಯೋಕೆ ಕೂತೆ, ಬಂತು. ಎಲ್ಲಿಂದ ಬಂತು ಅಂತ ನಂಗೇ ಗೊತ್ತಿಲ್ಲ.”

“ಹಾಗಾದ್ರೆ ಈಗ ಬದಲಾಯಿಸು.”

“ಬದಲಾಯಿಸೋದಾ? ಒಂದೇ ದನಿ ಅಂತ ಕಲಿಸಿದ್ದು ಯಾರು ಸಾರ್? ಈಗ ತಿದ್ದಿದ್ರೆ ಮೊದಲು ಸುಳ್ಳು ಹೇಳಿದ್ರು ಅಂತ ಬರೀತಾರೆ. ಹೆಸರು ಹಾಳಾಗೋದು ಇಡೀ ವಿಶ್ವವಿದ್ಯಾಲಯದ್ದು.”

ನನಗೆ ಮೈ ಉರಿದುಹೋಯಿತು. “ಆ ಅಮ್ಮನ ಕೈಯಿಂದ ಎಷ್ಟು ಚಹಾ ಕುಡಿದಿದ್ದೀಯೋ ಪಾಪಿ!” ಎಂದೆ. ಅವನು ತಲೆ ತಗ್ಗಿಸಿದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು, ತಲೆ ಎತ್ತಿದ.

ನಿಲಯವನ್ನು ಅಂದು ಮಧ್ಯಾಹ್ನವೇ ಮುಚ್ಚಿ ವಿದ್ಯಾರ್ಥಿಗಳನ್ನೆಲ್ಲ ಊರಿಗೆ ಕಳಿಸಿಬಿಟ್ಟರು. ಅವನು ಎಳೆದು ಉಳಿಸಿದವರ ಮನೆಗಳಿಗೆ ನಾನು ಒಂದೊಂದಾಗಿ ಫೋನು ಮಾಡಿದೆ. ಅಪ್ಪಂದಿರು ಎತ್ತಿದರು. ಮಕ್ಕಳ ಓದು ಮುಗೀಲಿ ಮೇಡಂ, ಇದರಲ್ಲಿ ಸಿಕ್ಕಿಸ್ಬೇಡಿ ಎಂದರು. ಒಬ್ಬ ತಾಯಿ ಮಾತ್ರ ಬಹಳ ಹೊತ್ತು ಅತ್ತಳು, ಆಮೇಲೆ ಅವಳೂ ಅದನ್ನೇ ಅಂದಳು.

ವಾರ ಕಳೆದ ಮೇಲೆ ಅಕ್ಕ ಕೆಲಸಕ್ಕೆ ಬಂದಳು. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲವಂತೆ. ಕೆಲಸ ಬಿಟ್ಟು ಓಡಿದ್ದಕ್ಕೆ ಹೀಗಾಯ್ತಂತೆ ಎಂದು ಬೀದಿಯಲ್ಲಿ ಆಡಿಕೊಳ್ಳುತ್ತಿದ್ದರು. ಅವನ ಜೊತೆ ಕೆಲಸ ಮಾಡುತ್ತಿದ್ದವರೂ ಮನೆಗೆ ಬರುವುದನ್ನು ನಿಲ್ಲಿಸಿದ್ದರು. ಮೇಷ್ಟ್ರು ಅವಳ ಮುಂದೆ ನಿಂತು ಏನೋ ಹೇಳಲು ಹೋದರು. ಅವಳೇ ಮಾತು ತೆಗೆದಳು.

“ನಂಗೆ ಬೇರೇನೂ ಬೇಡ ಸಾರ್. ನನ್ನ ಮಗ ಬಿಟ್ಟು ಓಡಿದ ಅನ್ನೋ ಮಾತೊಂದು ಹೋಗ್ಬೇಕು. ಅವನು ಅಲ್ಲೇ ಇದ್ದ ಅಂತ ಅವರ ಬಾಯಿಂದಾನೇ ಬರ್ಬೇಕು. ನೀವು ಹೇಳಿದ್ರೆ ಕೇಳ್ತಾರೆ, ಎಲ್ಲ ನಿಮ್ಮ ಹುಡುಗ್ರೇ ಅಲ್ವಾ?”

“ಹೇಳ್ತೀನಮ್ಮಾ” ಎಂದರು ಮೇಷ್ಟ್ರು. ವಿಶ್ವವಿದ್ಯಾಲಯ ನೇಮಿಸಿದ ವಿಚಾರಣಾ ಸಮಿತಿಯ ಮುಂದೆ ಹೋಗಿ ಹೇಳಿದರು. ಬೋರ್ಡಿನ ಕಥೆ ಹೇಳಿದರು, ವಾಲ್ವಿನ ಕಥೆ ಹೇಳಿದರು. ಸಮಿತಿಯವರು ಗೌರವದಿಂದ ಕೇಳಿ, ಬರೆದುಕೊಂಡು, ಕಳಿಸಿದರು. ವರದಿಯ ದಿನ ಪತ್ರಿಕಾಗೋಷ್ಠಿ ಕರೆದರು. ವೇದಿಕೆಯ ಮೇಲೆ ಕುಲಸಚಿವರ ಪಕ್ಕದಲ್ಲಿ ವಿಷಯ ತಜ್ಞರು ಎಂದು ಮೇಷ್ಟ್ರಿಗೂ ಒಂದು ಜಾಗ ಕೊಟ್ಟರು. ಅಲ್ಲಿ ಎಲ್ಲರ ಎದುರೇ ಹೇಳಿಬಿಡುತ್ತೇನೆ ಎಂದು ಅವರು ಅಕ್ಕನಿಗೆ ಮಾತು ಕೊಟ್ಟಿದ್ದರು.

ಅಕ್ಕ ಹೋಗಿ ಮೊದಲ ಸಾಲಿನಲ್ಲಿ ಕೂತಳು. ನಾನು ಅವಳ ಪಕ್ಕದಲ್ಲಿದ್ದೆ. ಹಿಂದಿನ ಸಾಲುಗಳಲ್ಲಿ ಪೇಪರಿನವರು, ಟೀವಿಯವರು. ತಿರುಗಿ ನೋಡಿದರೆ ಮುಕ್ಕಾಲು ಪಾಲು ನಮ್ಮ ವಿಭಾಗದಿಂದಲೇ ಹೊರಬಿದ್ದವರು. ಮೈಕು ವರದಿಯ ಸಾರಾಂಶ ಓದಿದ. ತಾಯಿಯ ಕಣ್ಣಲ್ಲಿ ಕಣ್ಣಿಟ್ಟು ಓದಿದ. ಸಂಸ್ಥೆಗೆ ತೀವ್ರ ವಿಷಾದವಿದೆ ಎಂದ, ಆಪರೇಟರ್ ಸ್ಥಳದಲ್ಲಿ ಇರಲಿಲ್ಲವೆಂಬುದು ವಿಚಾರಣೆಯಿಂದ ಖಚಿತವಾಗಿದೆ ಎಂದ. ಗಂಟಲು ಎಲ್ಲೂ ಅದುರಲಿಲ್ಲ.

ಅಕ್ಕ ಎದ್ದು ನಿಂತಳು. “ನನ್ನ ಮಗ ಓಡಿಹೋಗಲಿಲ್ಲ. ಹುಡುಗ್ರನ್ನ ಆಚೆ ತಳ್ಳೋಕೆ ಹೋದ” ಎಂದಳು. ಅಷ್ಟರಲ್ಲಿ ಅಳು ಬಂತು. ಕುರ್ಚಿಗೆ ಕುಸಿದು ಎಡಕ್ಕೆ ಬಾಗಿದಳು, ಮುಷ್ಟಿಯನ್ನು ಬಾಯಿಗೊತ್ತಿಕೊಂಡಳು, ಉಸಿರು ಸಿಕ್ಕಿಹಾಕಿಕೊಂಡಿತು. ಅವಳ ಮೈಗೆ ಅಳಲು ಗೊತ್ತಿದ್ದದ್ದು ಅದೊಂದೇ ರೀತಿ. ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು, “ಅಳೋ ಅಕ್ಕ ಕಣೋ.” ಯಾರೋ ಮೆಲ್ಲಗೆ ನಕ್ಕರು. ತಡವಾಗಿ ಒಳಗೆ ಬಂದವನೊಬ್ಬ, ಹಿಂದಿನ ವರ್ಷವಷ್ಟೇ ನಮ್ಮಲ್ಲಿ ಪಾಸಾದವನು, ವೇದಿಕೆಯ ಮೇಲೆ ಮೇಷ್ಟ್ರನ್ನೂ ಮೈಕುವನ್ನೂ ನೋಡಿ, ಕುರ್ಚಿಯಲ್ಲಿ ಅಕ್ಕ ಅಳುವುದನ್ನು ನೋಡಿ, ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿಬಿಟ್ಟ. ಪಕ್ಕದವನು ಕೈ ಹಿಡಿದು ನಿಲ್ಲಿಸಿದ.

ಮೇಷ್ಟ್ರು ಮೈಕ್ ಎಳೆದುಕೊಂಡರು. “ಆ ವಾಕ್ಯ ನಾನು ಬರೆದಿದ್ದು. ಈ ಅಪಘಾತ ಆಗೋದಕ್ಕೂ ಮುಂಚೆ, ನನ್ನ ತರಗತೀಲಿ, ಪಾಠಕ್ಕೆ ಅಂತ ಕಟ್ಟಿದ ಸುಳ್ಳು ಅದು. ನಿಮಗೆಲ್ಲ ಗೊತ್ತಿದೆ!” ಎಂದು ಕೂಗಿದರು. ಮಾತು ತಡವರಿಸುತ್ತಿತ್ತು, ಕಣ್ಣಲ್ಲಿ ನೀರು. ಪತ್ರಕರ್ತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರು ಪಾಠ ಮಾಡುತ್ತಿದ್ದಾರೋ, ನಿಜ ಹೇಳುತ್ತಿದ್ದಾರೋ ಎಂಬುದು ಅವರಿಗೆ ಬಗೆಹರಿಯಲಿಲ್ಲ. ಆ ದನಿಯನ್ನು ಅವರು ತರಗತಿಯಲ್ಲಷ್ಟೇ ಕೇಳಿದ್ದರು. ಮೈಕು ಮೆಲ್ಲಗೆ ಅವರ ಹೆಗಲ ಮೇಲೆ ಕೈಯಿಟ್ಟು, “ಇವರು ನಮ್ಮೆಲ್ಲರ ಗುರುಗಳು. ಈ ದುಃಖ ಅವರನ್ನ ಎಷ್ಟು ಅಲ್ಲಾಡಿಸಿದೆ ಅಂತ ನೋಡ್ತಿದ್ದೀರಿ. ಮುಂದಿನ ಪ್ರಶ್ನೆ” ಎಂದ. ಮುಂದಿನ ಪ್ರಶ್ನೆ ಬಂದೇ ಬಂತು, ನಿಲಯ ಯಾವಾಗ ತೆರೀತೀರಿ ಎಂದು.

ಮಾರನೆಯ ದಿನದ ಪತ್ರಿಕೆಗಳಲ್ಲಿ ‘ಭಾವುಕರಾದ ಪ್ರಾಧ್ಯಾಪಕರು’ ಎಂಬ ಚಿತ್ರ ಬಂತು. ಮೇಷ್ಟ್ರು ಕುಲಪತಿಗಳಿಗೆ ಬರೆಯೋಣ, ಮತ್ತೆ ಹೋಗಿ ಹೇಳೋಣ ಎಂದು ಅಕ್ಕನ ಮುಂದೆ ಕೈ ಜೋಡಿಸಿದರು.

“ಯಾರ ಹತ್ರ ಹೇಳೋದು ಸಾರ್?” ಎಂದಳು ಅಕ್ಕ. ಬೈಯುವ ದನಿಯಲ್ಲಿ ಹೇಳಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ನಿಮ್ಮ ಹುಡುಗ್ರ ಮುಂದೆ ಎಷ್ಟು ಸಲ ಮಗ ಸತ್ತ ಅಂತ ಅತ್ತಿದ್ದೀನಿ. ಈಗ ನಿಜವಾಗ್ಲೂ ಸತ್ತ ಅಂದ್ರೆ ಹೆಂಗೆ ನಂಬ್ತಾರೆ?”

ಮೇಷ್ಟ್ರು ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡರು. ಅದು ಅವರ ಶಿಕ್ಷೆಯೋ ಪಲಾಯನವೋ ನನಗೆ ಗೊತ್ತಿಲ್ಲ. ಅವರ ಮೇಲಿನ ಸಿಟ್ಟು ನನಗೆ ಇನ್ನೂ ಆರಿಲ್ಲ, ಕನಿಕರವೂ ಹೋಗಿಲ್ಲ. ಅವರ ಜಾಗಕ್ಕೆ ಬಂದವರು ಸಿಲಬಸ್ ಪರಿಷ್ಕರಿಸಿದರು. ಬಿಕ್ಕಟ್ಟನ್ನು ಯಶಸ್ವಿಯಾಗಿ ನಿಭಾಯಿಸಿದ ಮಾದರಿಗಳು ಎಂಬ ಪಾಠದಲ್ಲಿ ನಮ್ಮ ಬಾಯ್ಲರ್ ಪ್ರಕರಣವೂ ಸೇರಿತು. ಮೊದಲ ಹೇಳಿಕೆ ಬಂದ ವೇಗವನ್ನು, ಕೊನೆಯವರೆಗೂ ಕಾಯ್ದುಕೊಂಡ ಒಂದೇ ದನಿಯನ್ನು ಅದರಲ್ಲಿ ಹೊಗಳಿದ್ದರು. ನಾನು ಅದನ್ನು ಟೈಪ್ ಮಾಡುತ್ತಿದ್ದಾಗ ಅಕ್ಕ ಚಹಾ ತಂದಿಟ್ಟು, ಹೋಗದೆ, ನನ್ನ ಹೆಗಲ ಹಿಂದೆ ನಿಂತಳು. ಕನ್ನಡಕ ಮರೆತು ಬಂದಿದ್ದಳು.

“ಅದ್ರಲ್ಲಿ ನನ್ನ ಮಗ ಇದ್ದಾನಂತೆ?”

“ಇದ್ದಾನೆ.”

“ಏನಂತ ಹಾಕಿದ್ದಾರೆ ಓದು.”

ತೆರೆಯ ಮೇಲೆ ಆ ವಾಕ್ಯ ಹಾಗೇ ಇತ್ತು. ನಾನು ಕುರ್ಚಿ ತಿರುಗಿಸಿ, ಅವಳ ಮುಖವನ್ನೇ ನೋಡುತ್ತ ಹೇಳಿದೆ, “ತನ್ನ ಜೀವ ಕೊಟ್ಟು ಹುಡುಗ್ರನ್ನ ಉಳಿಸಿದ ಅಂತ ಇದೆ ಅಕ್ಕಾ.”

ಅವಳೂ ನನ್ನ ಕಣ್ಣನ್ನೇ ನೋಡಿದಳು. ಅಳಲಿಲ್ಲ. ಅವಳು ಅತ್ತದ್ದನ್ನು ನಾನು ಆಮೇಲೆ ನೋಡಿಯೇ ಇಲ್ಲ.

“ನಂಗೆ ಸುಳ್ಳು ಹೇಳ್ಬೇಡ ಕಣೇ” ಎಂದಳು. “ಇಷ್ಟು ವರ್ಷ ಆ ಹುಡುಗ್ರು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದೆಲ್ಲ ಕಟ್ಟಿದ ಮಾತೇ. ನಂಗೆ ಗೊತ್ತಾಗಲ್ವಾ?”

ಚಹಾ ಆರುತ್ತದೆ, ಕುಡಿ ಎಂದು ಹೇಳಿ ಬೋರ್ಡು ಒರೆಸಲು ಹೋದಳು.